ಪ್ಲಾಸ್ಟಿಕ್ ತೆಗೆಯದ ಕ್ಯಾಮೆರಾ

ಕ್ಯಾಮೆರಾ ಆರಿಸುವುದರಲ್ಲಿ ಇಡೀ ದುಬೈಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಒಂದು ವಾರ ಕಾಲ ನಾನು ನಂಬಿದ್ದೆ. ಆ ವಾರ ಹೇಗೆ ಮುಗಿಯಿತೆಂದು ಹೇಳಲು ಈಗಲೂ ನಾಚಿಕೆ. ಆದರೂ ಹೇಳುತ್ತೇನೆ.

ನಮ್ಮ ಮಗಳು ನತಾಶಾಳಿಗೆ ಎಂಟು ವರ್ಷ. ಹೊರಗೆ ನಲವತ್ತಾರು ಡಿಗ್ರಿ ಕುದಿಯುವ ಆಗಸ್ಟ್‌ನಲ್ಲಿ ಅವಳು ಮಾಲ್‌ನೊಳಗಿನ ಹಿಮದ ಇಳಿಜಾರಿನಲ್ಲಿ ಸ್ಕೀ ಕಲಿಯುತ್ತಿದ್ದಳು. ಶುಕ್ರವಾರ ಬೆಳಿಗ್ಗೆ ಮಕ್ಕಳ ರೇಸ್. ನನ್ನ ಹೆಂಡತಿ ಜೋಸ್ಫಿನ್ ನರ್ಸ್. ಡ್ಯೂಟಿ ಬದಲಿಸಿಕೊಳ್ಳಲು ಮೂವರ ಕಾಲು ಹಿಡಿದರೂ ಆಗಲಿಲ್ಲ. ಆ ಬೇಸರದಲ್ಲಿ ಅವಳು ನನ್ನೊಡನೆ ಜಗಳ ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಮಾಡಲಿಲ್ಲ.

"ಅವಳು ಇಳಿಯುವುದನ್ನು ನನಗೆ ಒಮ್ಮೆ ನೋಡ್ಬೇಕು ಮಾರಾಯ್ರೇ. ಸರಿ ಮಾಡಿ ತೆಗೀರಿ" ಎಂದಳು ಮೆತ್ತಗೆ.

"ನೀನೇ ಅಲ್ಲಿ ನಿಂತ ಹಾಗೆ ಕಾಣ್ಬೇಕು, ಹಾಗೆ ತೆಗೀತೇನೆ" ಎಂದು ಎದೆ ತಟ್ಟಿಕೊಂಡೆ.

ಮಾರನೆಯ ದಿನದಿಂದಲೇ ದೇರಾದಲ್ಲಿರುವ ಶುಕೂರ್‌ನ ಅಂಗಡಿಗೆ ದಂಡಯಾತ್ರೆ ಶುರುವಾಯಿತು. ಅವನು ಉಳ್ಳಾಲದವನು, ತಾಳ್ಮೆಯ ಮನುಷ್ಯ. ನಾಲ್ಕು ಸಂಜೆ ಅವನ ತಲೆ ತಿಂದೆ. ಚಳಿಗೆ ಬ್ಯಾಟರಿ ಬೇಗ ಸಾಯುತ್ತದೆ, ಗ್ಲೌಸ್ ಹಾಕಿದ ಬೆರಳಿಗೆ ಸಣ್ಣ ಗುಂಡಿ ಸಿಗುವುದಿಲ್ಲ, ಅಷ್ಟು ಬಿಳುಪಿನ ನಡುವೆ ಮಕ್ಕಳ ಮುಖ ಕಪ್ಪಾಗಿಬಿಡುತ್ತದೆ ಎಂದು ಅವನು ಒಂದೊಂದಾಗಿ ಹೇಳಿಕೊಟ್ಟ. ಹನ್ನೊಂದು ಕ್ಯಾಮೆರಾಗಳನ್ನು ತಿರಸ್ಕರಿಸಿ ಹನ್ನೆರಡನೆಯದನ್ನು ಆರಿಸಿದೆ. ದೊಡ್ಡ ಗುಂಡಿ, ಉದ್ದ ಜೂಮ್, ಜೊತೆಗೊಂದು ಹೆಚ್ಚಿನ ಬ್ಯಾಟರಿ.

ಹೊರಡುವಾಗ ಶುಕೂರ್ ಹೇಳಿದ: "ಸೆಕೆಯಿಂದ ಚಳಿಗೆ ಹೋಗುವಾಗ ಇದಕ್ಕೆ ಏನೂ ಮುಚ್ಚಬೇಡಿ ಗೇಬ್ರಿಯಲ್ ಭಾಯ್. ಒಳಗೆ ಆವಿ ಕೂರ್ತದೆ."

ಅಲ್ ಕೂಜ್‌ನಲ್ಲಿ ಹದಿನಾಲ್ಕು ವರ್ಷದಿಂದ ಏಸಿ ಸಾಮಾನಿನ ಗೋದಾಮು ನೋಡಿಕೊಳ್ಳುವವನಿಗೆ ಇವನು ಆವಿಯ ಪಾಠ ಹೇಳುತ್ತಾನಲ್ಲ ಎಂದು ಒಳಗೊಳಗೇ ನಕ್ಕೆ.

ಈಗ ತಪ್ಪೊಪ್ಪಿಗೆ. ನಮ್ಮ ಗಲ್ಫ್ ಮನೆಗಳಲ್ಲಿ ಹೊಸ ವಸ್ತುವಿನ ಪ್ಲಾಸ್ಟಿಕ್ ತೆಗೆಯುವುದೆಂದರೆ ಪಾಪ. ರಿಮೋಟ್‌ಗೂ ಅಂಗಿ, ಸೋಫಾಕ್ಕೂ ಅಂಗಿ. ಯಾಕೆಂದರೆ ಯಾವ ವಸ್ತು ಯಾವ ರಜೆಯಲ್ಲಿ ಊರಿನ ಯಾರಿಗೆ 'ಹೊಸತು' ಆಗುತ್ತದೋ ಹೇಳಲಾಗದು. ಈ ಕ್ಯಾಮೆರಾವನ್ನು ಕ್ರಿಸ್‌ಮಸ್‌ಗೆ ಭಾವಮೈದ ಆಸ್ವಾಲ್ಡ್‌ಗೆ ಕೊಟ್ಟು ದೊಡ್ಡ ಮನುಷ್ಯನಾಗುವ ಹಂಚಿಕೆ ನನ್ನದು. ಆದ್ದರಿಂದ ಗೀರು ಬೀಳದಿರಲೆಂದು ಅಡುಗೆಮನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಲೆನ್ಸ್ ಸಮೇತ ಮೂರು ಸುತ್ತು ಸುತ್ತಿದೆ. ಮನೆಯ ಹಾಲ್‌ನಲ್ಲಿ ಪರೀಕ್ಷೆ ಮಾಡಿದಾಗ ಎಲ್ಲವೂ ಚೆನ್ನಾಗಿಯೇ ಕಂಡಿತು.

ಶುಕ್ರವಾರ. ಇಳಿಜಾರಿನ ಕೆಳಗೆ ಬೇಲಿಗೆ ಒತ್ತಿಕೊಂಡು ನಿಂತೆ. ಮೈಮೇಲೆ ಬಾಡಿಗೆ ಕೋಟು. ಒಬ್ಬೊಬ್ಬರಿಗೆ ಒಂದೇ ಸುತ್ತು, ತಪ್ಪಿದರೆ ತಪ್ಪಿತು. ನತಾಶಾಳದ್ದು ಹನ್ನೊಂದನೇ ನಂಬರ್. ಎಂಟು ಇಳಿಯಿತು. ಒಂಬತ್ತು ಇಳಿಯಿತು. ಹತ್ತನೆಯವನು ಇಳಿಯುತ್ತಿದ್ದಂತೆ ಗುಂಡಿ ಒತ್ತಿ, ಉಸಿರು ಬಿಗಿಹಿಡಿದು, ಕ್ಯಾಮೆರಾದ ಪುಟ್ಟ ಪರದೆಗೆ ಕಣ್ಣು ನೆಟ್ಟೆ.

ಪರದೆ ಬೆಳ್ಳಗಿತ್ತು. ಹಿಮ ಬೆಳ್ಳಗೇ ಇರುತ್ತದಲ್ಲ, ಎಂಥ ಸ್ಪಷ್ಟ ಚಿತ್ರ ಎಂದುಕೊಂಡೆ! ಮೇಲಿನಿಂದ "ಡ್ಯಾಡಾ" ಎಂಬ ಕೂಗು ಕೇಳಿತು. ತಲೆ ಎತ್ತಿದರೆ ಕೈ ಅಲುಗುತ್ತದೆಂದು ಎತ್ತಲಿಲ್ಲ. ಬಿಳುಪಿನಲ್ಲಿ ಬೂದು ಚುಕ್ಕೆಯೊಂದು ಜಾರಿತು. ಅದನ್ನೇ ಬೆನ್ನಟ್ಟಿದೆ. ಜನ ಚಪ್ಪಾಳೆ ತಟ್ಟಿದರು. ನತಾಶಾ ಓಡಿ ಬಂದು "ಡಿಡ್ ಯು ಸೀ ಮೀ?" ಎಂದಾಗ ಕ್ಯಾಮೆರಾದ ಬೆನ್ನು ತಟ್ಟಿ, ಎಲ್ಲಾ ಇದರಲ್ಲಿ ಭದ್ರವಾಗಿದೆ ಎಂದೆ.

ನಾಲ್ಕು ಗಂಟೆಗೆ ಜೋಸ್ಫಿನ್ ಬಂದಳು. ಯೂನಿಫಾರ್ಮ್ ಕೂಡ ಬದಲಿಸದೆ, ಚಹಾ ಕೂಡ ಬೇಡವೆಂದು ಟಿವಿಯ ಮುಂದೆ ಕುಳಿತಳು. ನಾನು ಗತ್ತಿನಿಂದ ವೈರ್ ಸಿಕ್ಕಿಸಿದೆ.

ಟಿವಿಯ ತುಂಬ ಹಾಲು ಚೆಲ್ಲಿದ ಹಾಗೆ ಬಿಳುಪು. ಪ್ಲಾಸ್ಟಿಕ್‌ನೊಳಗೆ ಸಿಕ್ಕಿಬಿದ್ದ ದುಬೈಯ ಸೆಕೆ ಇಳಿಜಾರಿನ ಚಳಿಗೆ ಮಂಜಾಗಿ ಲೆನ್ಸ್ ಮುಚ್ಚಿತ್ತು. ಚಿತ್ರವಿಲ್ಲ, ಆದರೆ ಶಬ್ದ ಮಾತ್ರ ಅದ್ಭುತ. "ಡ್ಯಾಡಾ" ಎಂಬ ಕೂಗು. ಸರ್ರನೆ ಜಾರುವ ಸದ್ದು. ನಡುವೆ ಜನರೆಲ್ಲ ಒಟ್ಟಿಗೆ "ಓ" ಎಂದರು. ಆಮೇಲೆ ಮೌನ. ಆಮೇಲೆ ಜೋರು ಚಪ್ಪಾಳೆ.

ಜೋಸ್ಫಿನ್ ಬೈಯಲಿಲ್ಲ. ಕಣ್ಣು ತುಂಬಿತ್ತು. ನನ್ನ ಕಡೆ ತಿರುಗಿದಳು.

"ಹೋಗ್ಲಿ, ಪಿಕ್ಚರ್ ಬೇಡ. ನೀವು ಅಲ್ಲೇ ಇದ್ರಲ್ಲ, ನೀವೇ ಹೇಳಿ. ಜನ 'ಓ' ಅಂದದ್ದು ಯಾಕೆ?"

ನಾನು ಪರದೆ ಬಿಟ್ಟು ತಲೆ ಎತ್ತಿದ್ದರಲ್ಲವೇ? ಯಾಕೆಂದು ನನಗೇನು ಗೊತ್ತು?

"ಐ ಫೆಲ್, ಮಮ್ಮಿ. ದೆನ್ ಐ ಗಾಟ್ ಅಪ್ ಆ್ಯಂಡ್ ಫಿನಿಶ್ಡ್" ಎಂದಳು ನತಾಶಾ.

ಜೋಸ್ಫಿನ್ ಅವಳನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡಳು. ತಲೆ ಸವರುತ್ತಾ ಹೇಳಿದಳು:

"ಬರುವ ಶುಕ್ರವಾರ ನನಗೆ ಆಫ್ ಉಂಟು ಮಗಾ. ಇನ್ನೊಮ್ಮೆ ಇಳಿದು ತೋರಿಸು. ಡ್ಯಾಡನನ್ನೂ ಕರ್ಕೊಂಡು ಹೋಗುವ. ಪಾಪ, ಅವರೂ ನೋಡ್ಲಿಲ್ಲ."