ಇದ್ದಿಲ ಕಾಕಾ, ಬ್ಯಾಟರಿ ವಕೀಲರು

ನಮ್ಮ ಕಾಕಾನಿಗೆ ಸಿಟ್ಟು ಬರುತ್ತಿರಲಿಲ್ಲ. ಹೋದರೆ ತಾನೆ ಬರುವುದು!

ಯುದ್ಧದ ಕಾಲ. ಪೆಟ್ರೋಲಿಗೆ ರೇಷನ್ ಬಂದದ್ದೇ ತಡ, ಆತ ಸರಕಾರವನ್ನು ಬೈಯುತ್ತ ತನ್ನ ಮೋಟಾರಿನ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಸಿದ. ಇದ್ದಿಲು ಉರಿದು ಹುಟ್ಟುವ ಗ್ಯಾಸಿನ ಮೇಲೆ ಬಂಡಿ ಓಡಬೇಕು. ಓಡುತ್ತಿತ್ತು, ಏರು ಬಂದಾಗ ನಾವೆಲ್ಲ ಇಳಿದು ನೂಕಿದರೆ! ಹೊರಡುವ ಮೊದಲು ಅರ್ಧ ತಾಸು ಬೀಸಣಿಗೆಯಿಂದ ಆ ಒಲೆಗೆ ಗಾಳಿ ಹಾಕಬೇಕು. ಹಾಕುವವರು ಯಾರು? ಆತನ ಹೆಂಡತಿ, ಉಬ್ಬಸದ ನಮ್ಮ ಕಾಕು. ಬಾಯಿಗೆ ಸೆರಗು, ಕೆಮ್ಮೋ ಕೆಮ್ಮು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಕಾಕಾ, ನೀನ ಯಾಕ ಬೀಸಬಾರದು?"

"ನಾ ಸ್ಟೇರಿಂಗ್ ಹಿಡಿಬೇಕಲಾ."

ನಿಂತ ಬಂಡಿಯ ಸ್ಟೇರಿಂಗು ಎಲ್ಲಿಗೆ ಓಡಿಹೋಗುತ್ತಿತ್ತೋ!

ಅಷ್ಟರಲ್ಲಿ ಎದುರುಮನೆಯ ವಕೀಲರು ಯಾವುದೋ ಸಂಸ್ಥಾನದಿಂದ ಹಳೆಯ ಬ್ಯಾಟರಿ ಮೋಟಾರು ಕೊಂಡು ತಂದರು. "ಹೊಗಿ ಅನ್ನೂದ ಇಲ್ಲ ನೋಡ್ರಿ" ಎಂದು ಮೀಸೆ ತಿರುವಿದರು. ಕಾಕಾ ಅವರ ರಟ್ಟೆ ಹಿಡಿದು ಸೀದಾ ಪವರ್ ಹೌಸಿಗೆ ಎಳೆದೊಯ್ದ. ಅಲ್ಲಿ ಎಣ್ಣೆಯ ಇಂಜಿನ್ನು ಧಡಧಡ ಎನ್ನುತ್ತ ಕರಿ ಹೊಗೆ ಕಾರುತ್ತಿತ್ತು.

"ನಿಮ್ಮ ಹೊಗಿ ಇಲ್ಲಿ ಐತಿ, ವಕೀಲ್ರ. ಎಣ್ಣಿ ಸುಟ್ಟು ಕರೆಂಟು, ಕರೆಂಟ್ ತುಂಬಿ ಬ್ಯಾಟರಿ, ಬ್ಯಾಟರಿಯಿಂದ ಗಾಲಿ. ನಡುವ ಸೋರಿ ಹೋಗಿದ್ದು ಯಾರಪ್ಪಂದು? ನಾ ನನ್ನ ಹೊಗಿ ನಾನ ಹೊತ್ತು ತಿರಗ್ತೇನಿ."

"ಹೌದ್ರಿ? ಹಂಗಾರ ನಿಮ್ಮ ಇದ್ದಿಲು ಮಾಡಾಕ ಅಡವ್ಯಾಗ ಕಟಗಿ ಸುಟ್ಟಾರಲ್ಲ, ಆ ಹೊಗಿ ಯಾರು ಹೊತ್ತಾರು?"

ಕಾಕಾ ವಕೀಲರ ರಟ್ಟೆ ಬಿಟ್ಟ. ಅವತ್ತಿನಿಂದ ಅವರೊಂದಿಗೆ ಮಾತೂ ಬಿಟ್ಟ.

ಒಂದು ಸಂಜೆ ಗಾಳಿ ಹಾಕುತ್ತಲೇ ಕಾಕುವಿಗೆ ಉಸಿರು ಕಟ್ಟಿತು. ಕೂಡಲೇ ದವಾಖಾನೆಗೆ ಒಯ್ಯಬೇಕು. ಹಾಳು ಒಲೆಯೋ ಹೊತ್ತಲೊಲ್ಲದು. ಕಾಕಾ ಬರಿಗಾಲಲ್ಲಿ ರಸ್ತೆ ದಾಟಿ ವಕೀಲರ ಬಾಗಿಲು ಬಡಿದ.

"ಲಗೂ ಗಾಡಿ ತಗೀರಿ, ವಕೀಲ್ರ."

ವಕೀಲರು ಹಳೆಯ ಜಗಳ ತೆಗೆಯದೆ ಗಾಡಿ ತೆಗೆದರು. ಪವರ್ ಹೌಸಿನ ಮುಂದೆ ಹಾಯುವಾಗ ನನಗೆ ಸಿಟ್ಟು ತಡೆಯಲಾಗಲಿಲ್ಲ. "ಕಾಕಾ, ಅಲ್ಲಿ ಹೊಗಿ ಏಳಾಕತ್ತೈತಿ ನೋಡು" ಎಂದೆ.

ಆತ ತಲೆ ಎತ್ತಲಿಲ್ಲ. ಕಾಕುವಿನ ಬೆನ್ನು ಸವರುತ್ತಿದ್ದ.

"ಏಳಲಿ ಬಿಡು. ಇಕಿ ಎದಿಯಾಗ ಇಲ್ಲಲ್ಲ."

ಕಾಕು ಉಳಿದಳು. ಕಾಕಾನ ವಾದವೂ ಉಳಿಯಿತು, ಇದ್ದಿಲ ಮೋಟಾರೂ ಉಳಿಯಿತು. ಆದರೆ ಅಂದಿನಿಂದ ಗಾಳಿ ಎತ್ತ ಬೀಸುತ್ತದೆಂದು ನೋಡಿ, ಹೊಗೆ ತಾಗದಂತೆ ಆಕೆಯನ್ನು ವಕೀಲರ ಕಟ್ಟೆಯ ಮೇಲೆ ಕೂರಿಸಿ, ಬೀಸಣಿಗೆಯನ್ನು ತಾನೇ ಹಿಡಿಯುತ್ತಿದ್ದ. ಬೈಯುತ್ತಿದ್ದ, ಬೀಸುತ್ತಿದ್ದ, ಕೆಮ್ಮುತ್ತಿದ್ದ.

"ಸಾವಕಾಶ ಬೀಸ್ರಿ" ಎನ್ನುತ್ತಿದ್ದಳು ಕಾಕು, ಆ ಕಡೆಯಿಂದ.