ಮಗಳ ಬಾಣಂತನಕ್ಕೆ ಅಗ್ಗದ ಆರ್ಗ್ಯಾನಿಕ್

ಕೆಲವರು ಮನೆಯಿಂದ ಹೊರಗೆ ಕಾಲಿಟ್ಟರೆ ಮಳೆ ಬರುತ್ತದಂತೆ. ನಾನು ಚೀಲ ಹಿಡಿದು ಸಾಮಾನು ತರಲು ಹೊರಟರೆ ಮರ್ಯಾದೆ ಹೋಗುತ್ತದೆ. ಮೊದಲು ಅಪರೂಪಕ್ಕೆ ಹೋಗುತ್ತಿತ್ತು. ಮಗಳು ಬಸುರಿಯಾದ ಮೇಲೆ ವಾರವಾರವೂ ಹೋಗತೊಡಗಿತು.

ಡೊಂಬಿವಲಿಯ ಒಂದು ಹೊಟೇಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತೇ ನನ್ನ ತಲೆ ಬೆಳ್ಳಗಾದದ್ದು. ಮನೆ ಎಂಐಡಿಸಿ ಕೈಗಾರಿಕಾ ಪ್ರದೇಶದ ಪಕ್ಕದಲ್ಲಿ. ಯಾವ ಕಾರ್ಖಾನೆ ಇವತ್ತು ಏನು ಬೇಯಿಸುತ್ತಿದೆ ಎಂದು ಕಿಟಕಿ ತೆರೆದರೆ ಮೂಗಿಗೇ ಗೊತ್ತಾಗುತ್ತದೆ. ಮಗಳನ್ನು ಕೊಟ್ಟದ್ದು ನವಿ ಮುಂಬೈಗೆ. ಮೊದಲ ಬಾಣಂತನ ತವರಿನಲ್ಲಿ ಆಗಬೇಕು ಎನ್ನುವುದು ನಮ್ಮ ಕಡೆಯ ಪದ್ಧತಿ. ಆದರೆ ಅವಳ ಅತ್ತೆ ಫೋನಿನಲ್ಲಿ ಬಹಳ ನಯವಾಗಿ ಹೇಳಿದರು: "ನಮ್ಮಲ್ಲಿ ಎಲ್ಲ ಆರ್ಗ್ಯಾನಿಕ್ಕೇ. ನಿಮ್ಮಲ್ಲಿ ಗಾಳಿಯೂ ಹಾಗೆ, ಊಟವೂ ಹಾಗೆ ಅಂತಾದ್ರೆ ಹುಡುಗಿ ಇಲ್ಲೇ ಇರ್ಲಿ. ಸೀಮಂತಕ್ಕೆ ಬರ್ತೇವಲ್ಲ, ಆಗ ಊಟ ನೋಡಿ ಹೇಳುವ."

ಗಾಳಿಯನ್ನು ನಾನು ಬದಲಿಸಲಾರೆ, ಬೇಳೆಯನ್ನಾದರೂ ಬದಲಿಸಬಹುದು ಎಂದುಕೊಂಡೆ. ಇರುವವಳು ಒಬ್ಬಳೇ ಮಗಳು. ಮೊಮ್ಮಗುವಿನ ಮೊದಲ ಅಳು ನಮ್ಮ ಮನೆಯಲ್ಲಿ ಕೇಳಬೇಕು ಎಂದು ನನ್ನ ಹೆಂಡತಿ ಹಳೆಯ ಸೀರೆಗಳನ್ನೆಲ್ಲ ಒಗೆದು ಮಡಚಿ ಇಟ್ಟಿದ್ದಳು. ಆರ್ಗ್ಯಾನಿಕ್ ಅಂಗಡಿಯ ಮೆಟ್ಟಿಲು ಹತ್ತುವ ತಾಕತ್ತು ನನಗಿಲ್ಲ. ಕೊನೆಗೆ, ಎಲ್ಲದಕ್ಕೂ ರಿಯಾಯಿತಿ ಕೊಡುವ ಸೂಪರ್‌ಮಾರ್ಕೆಟಿನ ಮೂಲೆಯಲ್ಲಿದ್ದ ಆರ್ಗ್ಯಾನಿಕ್ ಕಪಾಟಿಗೆ ಶರಣಾದೆ.

ಆಜಿಬಾಯಿಯ ಪ್ರಶ್ನೆ

ಮೊದಲ ದಿನವೇ ಒಬ್ಬರು ಮರಾಠಿ ಅಜ್ಜಿ ನನ್ನ ಕೈಯ ತೊಗರಿಬೇಳೆ ಪ್ಯಾಕೆಟನ್ನು ಕಸಿದುಕೊಂಡು ನೋಡಿದರು. "ಹೇ ಕಾಯ್? ಇತಕಾ ಮಹಾಗ್ ಕಾ?" ಇದಕ್ಕೇಕೆ ಇಷ್ಟು ರೇಟು ಎಂದು ಅವರ ಪ್ರಶ್ನೆ.

ನನ್ನ ಮರಾಠಿ ಸ್ಟೇಷನ್ನಿನಿಂದ ಹೊಟೇಲಿನವರೆಗೆ ಮಾತ್ರ ಸಾಕಾಗುತ್ತದೆ. ಆದರೂ ಇದರಲ್ಲಿ ವಿಷ ಇಲ್ಲ ಆಜಿ, ಅದಕ್ಕೇ ರೇಟು ಜಾಸ್ತಿ ಎಂದು ವಿವರಿಸಿದೆ.

ಅಜ್ಜಿ ಪ್ಯಾಕೆಟನ್ನು ನೋಡಿದರು. ಆಮೇಲೆ ತಮ್ಮ ಟ್ರಾಲಿಯಲ್ಲಿ ತುಂಬಿದ್ದ ಮಾಮೂಲಿ ಸಾಮಾನನ್ನು ನೋಡಿದರು. "ಮ್ಹಣಜೆ ಹ್ಯಾತ್ ವಿಷ ಆಹೆ?" ಹಾಗಾದರೆ ಇದರಲ್ಲಿ ವಿಷ ಇದೆಯೇ ಎಂದು ಅವರು ಕಿರುಚಿದ್ದು ಬಿಲ್ಲಿನ ಕ್ಯೂವಿನ ತುದಿಯವರೆಗೂ ಕೇಳಿಸಿತು. ಅವರು ಒಂದೊಂದೇ ಪ್ಯಾಕೆಟನ್ನು ತೆಗೆದು ನೆಲದ ಮೇಲಿಡತೊಡಗಿದರು. ಅವರನ್ನು ನೋಡಿ ಹಿಂದಿನ ಇಬ್ಬರು ಹೆಂಗಸರೂ ಶುರು ಮಾಡಿದರು.

ಅಂಗಡಿಯ ಮ್ಯಾನೇಜರ್ ಓಡಿ ಬಂದು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದ. ಎರಡೂ ಕೈ ಜೋಡಿಸಿ, "ಅಂಕಲ್, ಆಪ್ ಖರೀದೋ, ಸಮಝಾವೋ ಮತ್" ಎಂದ. ಕೊಂಡರೆ ಸಾಕು, ಯಾರಿಗೂ ವಿವರಿಸಬೇಡಿ ಎಂದು!

ಹುಳದ ಗ್ಯಾರಂಟಿ

ಆ ಬೇಳೆಯನ್ನು ಹೆಂಡತಿ ಮೊರಕ್ಕೆ ಸುರಿದಳು. ಅರ್ಧ ಬೇಳೆ ತಾನಾಗಿಯೇ ನಡೆಯತೊಡಗಿತು.

ವಾಪಸು ಒಯ್ದೆ. ಮ್ಯಾನೇಜರಿಗೆ ನನ್ನ ಗುರುತು ಚೆನ್ನಾಗಿತ್ತು. ಹುಳ ನೋಡಿ ಅವನಿಗೆ ಸಂತೋಷವೇ ಆಯಿತು. ಔಷಧಿ ಹೊಡೆದಿಲ್ಲ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಗ್ಯಾರಂಟಿ ಬೇಕಾ ಅಂಕಲ್ ಎಂದು ಹಿಂದಿಯಲ್ಲಿ ನನಗೇ ಪಾಠ ಮಾಡಿದ. ಆದರೂ ಬದಲಿ ಪ್ಯಾಕೆಟ್ ಕೊಟ್ಟ. ಅವನ ಮಾತನ್ನು ಮನೆಯಲ್ಲಿ ಹಾಗೆಯೇ ಒಪ್ಪಿಸಿದೆ. ಒಪ್ಪಿಸಬಾರದಿತ್ತು.

ಹೆಂಡತಿ ಹೊಸ ಪ್ಯಾಕೆಟನ್ನು ಮೊರಕ್ಕೆ ಸುರಿದು, ಕನ್ನಡಕ ಹಾಕಿಕೊಂಡು ಹುಡುಕಿದಳು. ಒಂದು ಹುಳವೂ ಸಿಗಲಿಲ್ಲ. ಕಟ್ಟಿ ನನ್ನ ಕೈಗೇ ಕೊಟ್ಟಳು.

"ಇದನ್ನು ವಾಪಸು ಕೊಟ್ಟು ಬನ್ನಿ."

"ಇದಕ್ಕೆಂತ ಆಗಿದೆ ಮಾರಾಯ್ತಿ?"

"ಹುಳ ಸಹ ತಿನ್ನದ ಬೇಳೆಯನ್ನು ನನ್ನ ಮಗಳು ತಿನ್ಬೇಕಾ?"

ಲೋಕಲ್ಲಿನಲ್ಲಿ ಹರಿವೆ

ಅದೇ ಸೂಪರ್‌ಮಾರ್ಕೆಟಿನ ನವಿ ಮುಂಬೈ ಶಾಖೆಯಲ್ಲಿ ಆರ್ಗ್ಯಾನಿಕ್ ಸೊಪ್ಪು ಸೋವಿ ಎಂದು ಯಾರೋ ಹೇಳಿದರು. ಸೀಮಂತಕ್ಕೆ ಮುಂಚೆ ಮಗಳು ನಾಲ್ಕು ದಿನ ಇರಲು ಬಂದಿದ್ದಳು. ಅವಳಿಗೆ ಹರಿವೆ ಸೊಪ್ಪಿನ ಪಲ್ಯ ಇಷ್ಟ. ಹೋಗಿ ತಂದೆ.

ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ಗಾಡಿ ಬದಲಿಸಿದಾಗ ಉಸಿರಾಡಲೂ ಜಾಗ ಇರಲಿಲ್ಲ. ಸೊಪ್ಪು ಜಜ್ಜಿಹೋದೀತೆಂದು ಚೀಲವನ್ನು ಕೈಯಿಂದ ಕೈಗೆ ದಾಟಿಸಿ ಸಾಮಾನಿನ ಕಂಬಿಯ ಮೇಲೆ ಇಡಿಸಿದೆ. ಮುಂಬ್ರಾ ದಾಟುವಾಗ ಏನೋ ತೊಟ್ಟಿಕ್ಕಿದ ಹಾಗಾಯಿತು. ಕತ್ತೆತ್ತಿ ನೋಡಿದರೆ, ನನ್ನ ಹರಿವೆಯ ಮೇಲೆ ಯಾರದೋ ಬೊಂಬಿಲ್ ಮೀನಿನ ಚೀಲ ಆರಾಮಾಗಿ ಮಲಗಿದೆ.

ನನಗೆ ಪಿತ್ತ ನೆತ್ತಿಗೇರಿತು. ಬಸುರಿ ಹುಡುಗಿಗೆ ಅಂತ ಒಯ್ಯುವ ಆರ್ಗ್ಯಾನಿಕ್ ಸೊಪ್ಪು ಕಣಯ್ಯಾ ಎಂದು ತಿಳಿದ ಭಾಷೆಗಳಲ್ಲೆಲ್ಲ ಕೂಗಾಡಿದೆ. ಮೀನಿನ ಯಜಮಾನ ಒಂಟಿ ಕೈಯಲ್ಲಿ ನೇತಾಡುತ್ತಲೇ ಶಾಂತವಾಗಿ ಹೇಳಿದ: "ಕಾಕಾ, ಮಾಸಾ ಪಣ್ ಆರ್ಗ್ಯಾನಿಕ್. ಸಮುದ್ರಾತ್ ಕೋಣ್ ಖತ ಟಾಕ್ತೋ?"

ಮೀನೂ ಆರ್ಗ್ಯಾನಿಕ್ಕೇ, ಸಮುದ್ರಕ್ಕೆ ಯಾರು ಗೊಬ್ಬರ ಹಾಕುತ್ತಾರೆ! ಇಡೀ ಬೋಗಿ ನಕ್ಕಿತು. ದಿವಾದಲ್ಲಿ ಇಳಿದವರೂ ನಗುತ್ತಲೇ ಇಳಿದರು.

ಸೀಮಂತದ ಸಾಂಬಾರು

ಸೀಮಂತಕ್ಕೆ ಬರುವವರನ್ನೆಲ್ಲ ನಮ್ಮ ಅಡುಗೆಮನೆ ತಾಳಿಕೊಳ್ಳುವುದಿಲ್ಲ. ಅಡುಗೆ ಹೊಟೇಲಿನಲ್ಲೇ ಆಗಲಿ ಎಂದು ಹೊಟೇಲಿನ ಯಜಮಾನರು ಒಪ್ಪಿದರು. ಕೂಡಿಸಿಟ್ಟಿದ್ದ ಆರ್ಗ್ಯಾನಿಕ್ ಅಕ್ಕಿ, ಬೇಳೆ, ಬೆಲ್ಲವನ್ನೆಲ್ಲ ಮುಂಜಾನೆಯೇ ಅಲ್ಲಿನ ಅಡುಗೆ ಭಟ್ಟರಿಗೆ ಒಪ್ಪಿಸಿ, "ನನ್ನ ಮಾನ ನಿಮ್ಮ ಕೈಯಲ್ಲಿ ಉಂಟು" ಎಂದು ಹೇಳಿ ಬಂದೆ. ಎಂಥ ಮಾತು ಆಡಿದೆ ಎಂದು ಆಗ ತಿಳಿಯಲಿಲ್ಲ.

ಅಡುಗೆ ಮನೆಗೆ ಬಂತು, ಊಟಕ್ಕೆ ಎಲೆ ಹಾಕಿದೆವು. ಮಗಳ ಅತ್ತೆ ಸಾಂಬಾರನ್ನು ಮೊದಲು ಮೂಸಿದರು, ಆಮೇಲೆ ಬೆರಳಿನಿಂದ ನಾಲಿಗೆಗೆ ಮುಟ್ಟಿಸಿದರು, ಆಮೇಲೆ ಕಣ್ಣು ಮುಚ್ಚಿದರು. ನನ್ನ ಹೆಂಡತಿ ಮನಸ್ಸಿನಲ್ಲೇ ದೇವರಿಗೆ ಹರಕೆ ಹೊತ್ತಳು.

"ನೋಡಿ, ಇದು ಅಸಲು ಆರ್ಗ್ಯಾನಿಕ್ ರುಚಿ!" ಎಂದರು ಅವರು. "ನಾವು ಅಷ್ಟು ದುಡ್ಡು ಸುರಿದರೂ ಬೇಳೆ ಹೀಗೆ ಬೆಣ್ಣೆ ಹಾಗೆ ಬೇಯುವುದಿಲ್ಲ. ಔಷಧಿ ಹೊಡೆದ ಬೇಳೆ ನಾಲಿಗೆಗೆ ಕೂಡ್ಲೇ ಗೊತ್ತಾಗ್ತದೆ."

ಮಗಳು ಮೂರನೇ ಸಲ ಬಟ್ಟಲು ಚಾಚಿ, "ಪಪ್ಪಾ, ಥೋಡಾ ಔರ್" ಎಂದಳು.

ನನ್ನ ಕಾಲು ನೆಲದ ಮೇಲಿರಲಿಲ್ಲ. ಅಡುಗೆಮನೆಗೆ ಹೋಗಿ, ಪಾತ್ರೆಗಳ ಜೊತೆ ಬಂದಿದ್ದ ಭಟ್ಟರ ಕೈ ಹಿಡಿದುಕೊಂಡೆ. ಭಟ್ಟರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಶೆಟ್ರೇ, ನಿಮ್ಮ ಆ ಬೇಳೆ ಎಷ್ಟು ಹೊತ್ತಾದ್ರೂ ಬೇಯ್ಲೇ ಇಲ್ಲ. ಗೋಲಿ ಹಾಗೆ ಕೂತಿತ್ತು. ಮಾನ ಅಂತ ಹೇಳಿದ್ರಲ್ಲ ನೀವು? ಹೊಟೇಲಿನ ಬೇಳೆಗೇ ಚೂರು ಸೋಡಾ ಬಿಟ್ಟು ಮುಗಿಸಿದೆ."

"ನನ್ನ ಬೇಳೆ?"

"ಅದು ಮಧ್ಯಾಹ್ನದ ಥಾಲಿಗೆ ಹೋಯ್ತು. ಗಿರಾಕಿಗಳು ಬೈತಾ ಇದ್ದಾರಂತೆ, ಈಗಷ್ಟೇ ಫೋನ್ ಬಂತು."

ನನಗೆ ನಿಜಕ್ಕೂ ಅಳು ಬಂತು. ಊರಿಗೆಲ್ಲ ಊಟ ಹಾಕುವ ಕೆಲಸದಲ್ಲಿ ಆಯುಷ್ಯ ಕಳೆದವನಿಗೆ ಬಸುರಿ ಮಗಳಿಗೆ ಒಂದು ಹೊತ್ತಿನ ಶುದ್ಧ ಊಟ ಹಾಕಲಾಗಲಿಲ್ಲ. ದಾರಿಯಲ್ಲಿ ಹೋಗುವವರೆಲ್ಲ ಅದನ್ನು ತಿಂದು, ಮೇಲಿಂದ ಬೈದೂ ಹೋಗಿದ್ದರು.

ಅಷ್ಟರಲ್ಲಿ ಮಗಳ ಅತ್ತೆ ಕೈ ತೊಳೆದು ಬಾಗಿಲಿಗೆ ಬಂದರು. ಹಿಂದೆಯೇ ನನ್ನ ಹೆಂಡತಿ, ಕಣ್ಣೊರೆಸಿಕೊಳ್ಳುತ್ತ.

"ಬಾಣಂತನ ಇಲ್ಲೇ ಆಗ್ಲಿ" ಎಂದರು ಅತ್ತೆ. "ಆದರೆ ಒಂದೇ ಮಾತು. ಹುಡುಗಿಗೆ ದಿನಾ ಇದೇ ಸಾಮಾನು, ಇದೇ ಕೈಯ ಅಡುಗೆ. ಬೇರೆ ಏನೂ ಕೊಡಬಾರದು. ನಾನು ವಾರಕ್ಕೊಮ್ಮೆ ಬಂದು ರುಚಿ ನೋಡ್ತೇನೆ."

ಹೆಂಡತಿ ಸಂತೋಷದಲ್ಲಿ ಅವರ ಕೈ ಹಿಡಿದುಕೊಂಡಳು. ನಾನು ಏನು ಹೇಳಲಿ? ಹೌದೆಂದರೆ ದಿನಾ ಸೋಡಾ ತಿಂದು ಮಗಳ ಹೊಟ್ಟೆ ಕೆಡುತ್ತದೆ, ಅಲ್ಲವೆಂದರೆ ಮಗಳೇ ಬರುವುದಿಲ್ಲ. ಆಗಲಿ ಎಂದು ತಲೆಯಾಡಿಸಿದೆ.

ಅವರು ಅತ್ತ ಹೋದ ಮೇಲೆ ಭಟ್ಟರು ನನ್ನ ಬೆನ್ನು ಸವರಿದರು. "ನೀವೆಂತಕ್ಕೆ ಹೆದರುದು ಶೆಟ್ರೇ? ಬಾಣಂತಿ ಅಲ್ವಾ, ಸೋಡಾ ಸ್ವಲ್ಪ ಕಮ್ಮಿ ಹಾಕುವ."