ಥೈರಾಯ್ಡ್ ಮಾತ್ರೆ, ಫಿಲ್ಟರ್ ಕಾಫಿ ಮತ್ತು ಓದುಬರಹ ಬಾರದ ಪೇಷೆಂಟು

ಇಂಗ್ಲಿಷ್ ಬಲ್ಲವರಿಗೆ ಮಾತ್ರೆಯ ಹೆಸರು ಓದಲು ಬರುತ್ತದೆ. ಮಾತ್ರೆ ನುಂಗಲೂ ಬರುತ್ತದೆಂದು ಯಾವ ಗ್ಯಾರಂಟಿಯೂ ಇಲ್ಲ. ಇಷ್ಟು ಸಣ್ಣ ಸತ್ಯ ತಿಳಿಯಲು ನನಗೆ ಎಪ್ಪತ್ತನಾಲ್ಕು ವರ್ಷ ಹಿಡಿಯಿತು. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಫೋರ್ಕ್ ಯಾವ ಕೈಗೆ, ನೈಫ್ ಯಾವ ಕೈಗೆ ಎಂದು ಒಂದಿಡೀ ಟರ್ಮ್ ಕಲಿಸಿದರು. ಪಾಂಡವಪುರದಲ್ಲಿ ಮುದ್ದೆ ನುಂಗುತ್ತಾ ಕಳೆದ ಐವತ್ತು ವರ್ಷಗಳಲ್ಲಿ ಆ ವಿದ್ಯೆ ನನಗೆ ಎಷ್ಟು ಉಪಯೋಗಕ್ಕೆ ಬಂದಿತೆಂದು ಬಿಡಿಸಿ ಹೇಳಬೇಕಿಲ್ಲ. ಯಾವ ಮಾತ್ರೆಯನ್ನು ಯಾವುದರ ಜೊತೆ ನುಂಗಬಾರದು ಎಂದು ಒಂದೇ ಒಂದು ಪೀರಿಯಡ್ ಹೇಳಿದ್ದರೆ! ಆದರೆ ಪಾಪ, ಆಗ ನಮಗೆ ಮಾತ್ರೆಗಳೇ ಇರಲಿಲ್ಲ. ಎರಡು ಜಡೆ, ಬಿಳೀ ಸಾಕ್ಸು, ಕೈತಪ್ಪಿದ ಎಲೊಕ್ಯೂಷನ್ ಸ್ಪರ್ಧೆಯ ಕಪ್ಪು, ಇಷ್ಟೇ ನಮ್ಮ ಕಾಯಿಲೆಗಳು. ಎಷ್ಟು ಚೆಂದದ ಕಾಯಿಲೆಗಳು!

ನನ್ನ ಮನೆಯ ಮುಂದಿನ ರೂಮಿನಲ್ಲಿ ಪವಿತ್ರ ಎಂಬ ಹುಡುಗಿ ಬಾಡಿಗೆಗಿದ್ದಾಳೆ. ಶೀಳನೆರೆ ಕಡೆಯವಳು, ಇಲ್ಲಿ ನರ್ಸಿಂಗ್ ಓದುತ್ತಾಳೆ. ಫಾರ್ಮಕಾಲಜಿಯಲ್ಲಿ ಒಮ್ಮೆ ಫೇಲಾಗಿದ್ದಳು. ಇನ್ನೊಮ್ಮೆ ಆದರೆ ವರ್ಷವೇ ಹೋಯಿತು, ಜೊತೆಯವರೆಲ್ಲ ಮುಂದಕ್ಕೆ. ಅವಳನ್ನು ಉಳಿಸಲು ಉಳಿದಿದ್ದದ್ದು ಒಂದು ಕೇಸ್ ಸ್ಟಡಿ. ನಾಲ್ಕಾರು ಮಾತ್ರೆ ನುಂಗುವ ಒಬ್ಬರನ್ನು ಹಿಡಿದು, ಯಾವುದಕ್ಕೆ ಯಾವುದು ಆಗಿಬರುವುದಿಲ್ಲ ಎಂದು ಬರೆದು, ಕಾಲೇಜಿನ ಮೇಡಂ ಎದುರು ಇಂಗ್ಲಿಷಿನಲ್ಲಿ ಒಪ್ಪಿಸಬೇಕು. ಔಷಧ ಅವಳ ಡಿಪಾರ್ಟ್‌ಮೆಂಟು, ಇಂಗ್ಲಿಷ್ ನನ್ನದು ಎಂದು ನಾನು ಬಹಳ ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡೆ.

"ಡ್ರಗ್ ಇಂಟರಾಕ್ಷನ್ ಅಂದ್ರೆ ಇಂಗೆ ಮಿಸ್," ಎಂದು ಅವಳು ನನಗೆ ಪಾಠ ಹೇಳಿದಳು. "ಕೆಲವು ಔಷಧಿ ಇನ್ನೊಂದರ ಕಾಲು ಎಳೀತವೆ, ಅದು ಕೆಲ್ಸಾನೇ ಮಾಡಕಿಲ್ಲ. ಕೆಲವು ಇನ್ನೊಂದನ್ನ ಎತ್ತಿ ಕಟ್ತವೆ, ಅದು ಮಿತಿಮೀರಿ ಕುಣೀತದೆ."

"ನಮ್ಮ ಸ್ಟಾಫ್ ರೂಮು ಹಾಗೇ ಇತ್ತು," ಎಂದೆ. "ಪೇಷೆಂಟ್ ಸಿಕ್ಕರೇನೇ?"

"ಸಿಕ್ಕವ್ರೆ," ಎಂದವಳ ಕಣ್ಣು ನನ್ನ ಮಾತ್ರೆ ಡಬ್ಬದ ಮೇಲಿತ್ತು.

ನನ್ನದು ಬಹಳ ಡಿಸಿಪ್ಲಿನ್ಡ್ ಜೀವನ. ಬೆಳಿಗ್ಗೆ ಆರಕ್ಕೆ ಥೈರಾಯ್ಡ್ ಮಾತ್ರೆಯನ್ನು ಬಿಸಿಬಿಸಿ ಫಿಲ್ಟರ್ ಕಾಫಿಯಲ್ಲಿ ನುಂಗುತ್ತಿದ್ದೆ. ಹಿಂದೆಯೇ ಕ್ಯಾಲ್ಸಿಯಂ, ಬಿಪಿ ಮಾತ್ರೆ. ಒಂದೇ ಸಲಕ್ಕೆ ಮುಗಿದುಹೋಗಲಿ ಎಂದು. ಆಮೇಲೆ ಹಾಲಿನ ಡೈರಿಗೆ ಹೋಗುತ್ತಿದ್ದೆ. ನಮ್ಮ ಡೈರಿಯಲ್ಲಿ ಹಾಲಿಗಿಂತ ಮಾತ್ರೆಯ ವಿನಿಮಯವೇ ಜಾಸ್ತಿ. ಹಾಲು ಹಾಕಲು ಬಂದ ಹೆಂಗಸರ ಸೆರಗಿನ ತುದಿಯಲ್ಲಿ ಒಂದೊಂದು ಮೆಡಿಕಲ್ ಸ್ಟೋರೇ ಇರುತ್ತದೆ. ಹಾಲಿಗಾದರೂ ಲ್ಯಾಕ್ಟೋಮೀಟರ್ ಇಳಿಸಿ ಡಿಗ್ರಿ ನೋಡುತ್ತಾರೆ. ಮಾತ್ರೆಗೆ ಬಣ್ಣ ನೋಡಿದರೆ ಸಾಕು. ಪಕ್ಕದ ಮನೆಯ ಜಯಮ್ಮ ನನ್ನ ಮಂಡಿ ನೋಡಿ, "ಅಯ್ಯೋ ಬುಡಿ ಟೀಚ್ರಮ್ಮ, ಡಾಕ್ಟ್ರು ಏನ್ ಕಂಡವ್ರೆ? ಈ ಕೆಂಪುದ್ನ ನುಂಗಿ, ಮಧ್ಯಾನಕ್ಕೆ ಬೆಟ್ಟ ಹತ್ತೀರಿ" ಎಂದು ಕೊಟ್ಟಿದ್ದಳು. ದಿನವೂ ಕೊಡುತ್ತಿದ್ದಳು. ನಾನೂ ಥ್ಯಾಂಕ್ ಯೂ ಹೇಳಿ ದಿನವೂ ನುಂಗುತ್ತಿದ್ದೆ. ಇತ್ತ ಡಾಕ್ಟರು ಎರಡು ಸಲ ನನ್ನ ಥೈರಾಯ್ಡ್ ಡೋಸ್ ಏರಿಸಿದ್ದರು. ಬಿಪಿಯೂ ಇಳಿಯಲೊಲ್ಲದು. ಈ ಕಾಲದ ಡಾಕ್ಟರುಗಳಿಗೆ ಬೇಸಿಕ್ಸೇ ಇಲ್ಲವೆಂದು ನಾನು ಬೀದಿಗೆಲ್ಲ ಸಾರಿದ್ದೆ.

ಇದನ್ನೆಲ್ಲ ಕೇಳಿ ಪವಿತ್ರ ತಲೆಯ ಮೇಲೆ ಕೈಹೊತ್ತಳು. "ಮಿಸ್, ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೇಲಿ, ಬರೀ ನೀರಲ್ಲಿ. ಕಾಫಿ ಒಂದು ಗಂಟೆ ಆದ್ಮೇಲೆ. ಕ್ಯಾಲ್ಸಿಯಂ ನಾಕು ಗಂಟೆ ಆದ್ಮೇಲೆ. ನೀವು ಎಲ್ಲಾನೂ ಒಂದೇ ಬಸ್ಸಿಗೆ ಹತ್ತಿಸ್ತಾ ಇದ್ದೀರಿ. ಕ್ಯಾಲ್ಸಿಯಂ ಬಾಗ್ಲಲ್ಲೇ ನಿಂತ್ಕಂಡು ಥೈರಾಯ್ಡ್‌ನ ಒಳಕ್ಕೇ ಬುಡಾಕಿಲ್ಲ! ಜಯಮ್ಮಾರ ನೋವಿನ ಮಾತ್ರೆ ಬಿಪಿ ಏರಿಸ್ತದೆ, ಕಿಡ್ನಿಗೂ ಆಗಕಿಲ್ಲ. ಡಾಕ್ಟ್ರಿಗೆ ಹೇಳಿದ್ರಾ?"

"ಅವರು ಕೇಳಲಿಲ್ಲ," ಎಂದೆ, ಹೋಮ್‌ವರ್ಕ್ ಮಾಡದ ಹುಡುಗಿಯ ದನಿಯಲ್ಲಿ.

ಅವಳು ಬರೆದು ತಂದ ಕೇಸ್ ಸ್ಟಡಿಯ ಮೊದಲ ಸಾಲಿನಲ್ಲೇ 'ಕಾನ್ವೆಂಟ್ ಓದಿದ ರಿಟೈರ್ಡ್ ಇಂಗ್ಲಿಷ್ ಟೀಚರ್' ಎಂದಿತ್ತು. ಈ ಊರಿನಲ್ಲಿ ಅಂಥವರು ಎಷ್ಟು ಮಂದಿ? ಅದರ ಬದಲು ನನ್ನ ಫೋಟೋ ಅಂಟಿಸಬಹುದಿತ್ತು. ಹೊಡೆದುಹಾಕಿ, 'ಓದುಬರಹ ಬಾರದ ಹಳ್ಳಿಯ ಹೆಂಗಸು' ಎಂದು ಬರೆಸಿದೆ. "ಸುಳ್ಳಲ್ವಾ ಮಿಸ್?" ಎಂದಳು. "ಪ್ರೈವಸಿ," ಎಂದೆ. ಆಮೇಲೆ ಆ ಪಾಪದ ಹೆಂಗಸಿನ ಅಜ್ಞಾನದ ಬಗ್ಗೆ ನಾನೇ ಒಂದು ಪ್ಯಾರಾಗ್ರಾಫ್ ಬರೆದುಕೊಟ್ಟೆ. ಬರೆಯುತ್ತಾ ನನ್ನ ಕಣ್ಣೇ ಒದ್ದೆಯಾಯಿತು. ಕಾನ್ವೆಂಟಿನ ಸಿಸ್ಟರ್ ಇದ್ದಿದ್ದರೆ ಆ ಎಲೊಕ್ಯೂಷನ್ ಕಪ್ಪನ್ನು ಈಗಲಾದರೂ ಕೊಡುತ್ತಿದ್ದರು.

ಅತಿಯಾದದ್ದು ಆ ಪ್ಯಾರಾಗ್ರಾಫೇ. ಪವಿತ್ರ ಕಾಲೇಜಿನಿಂದ ಪೆಚ್ಚುಮೋರೆ ಹಾಕಿಕೊಂಡು ಬಂದಳು.

"ಮೇಡಂ ಕರಗೋಗ್ಬುಟ್ರು ಮಿಸ್. ಅಂಥೋರಿಗೆ ನಾವು ದಾರಿ ತೋರಿಸ್ಬೇಕು ಅಂದ್ರು. ಬೀದಿಯ ಯಾರಾದ್ರೂ ಓದಿದ ಹಿರಿಯರು ಆಕೆಗೆ ನಾಕು ವಾರ ಬುದ್ಧಿ ಹೇಳ್ಬೇಕಂತೆ. ವಾರವಾರ ಈ ಫಾರಂನಲ್ಲಿ ಹೇಳಿದೋರ ಸಹಿ, ಕೇಳಿದೋರ ಹೆಬ್ಬೆಟ್ಟು. ಕೊಟ್ರೇನೆ ಪಾಸು."

"ಆ ಓದಿದ ಹಿರಿಯರು ಯಾರೇ?"

"ಇನ್ಯಾರವ್ರೆ ಮಿಸ್? ನಿಮ್ಮ ಹೆಸ್ರೇ ಕೊಟ್ಟಿವ್ನಿ." ಅವಳ ಕಣ್ಣು ತುಂಬಿತು. "ನಿಜ ಹೇಳ್ಬುಡ್ಲಾ? ಫೇಲಾದ್ರೆ ಆಯ್ತೀನಿ."

ನಿಜ ಹೇಳಿದರೆ ಅವಳದು ಒಂದು ವರ್ಷ ಹೋಗುತ್ತದೆ, ನನ್ನದು ಐವತ್ತು ವರ್ಷದ ಮರ್ಯಾದೆ. ಸ್ಟಾಂಪ್ ಪ್ಯಾಡ್ ತರಲು ಹೇಳಿದೆ. ಮೊದಲು ಫೌಂಟನ್ ಪೆನ್ನಿನಿಂದ, ಉದ್ದ ಬಾಲದ ಕರ್ಸಿವ್‌ನಲ್ಲಿ ಸಹಿ ಹಾಕಿದೆ. ಆಮೇಲೆ ಎಡಗೈ ಹೆಬ್ಬೆಟ್ಟನ್ನು ನೀಲಿ ಮಸಿಗೆ ಅದ್ದಿ ಪಕ್ಕದಲ್ಲಿ ಒತ್ತಿದೆ.

"ವಸಿ ಗಟ್ಟಿಯಾಗಿ ಒತ್ತಿ ಮಿಸ್, ಸರಿಯಾಗಿ ಮೂಡಿಲ್ಲ," ಎಂದಳು ಕಣ್ಣೊರೆಸಿಕೊಳ್ಳುತ್ತಾ.

ನಾಲ್ಕು ವಾರ ಹೀಗೇ ನಡೆಯಿತು. ಡಾಕ್ಟರ ಬಳಿಯೂ ಹೋಗಿ ಕೆಂಪು ಮಾತ್ರೆಯ ವಿಷಯ ಒಪ್ಪಿಕೊಂಡು ಬೈಸಿಕೊಂಡು ಬಂದೆ. ಪವಿತ್ರ ಪಾಸಾದಳು. ಆಶ್ಚರ್ಯವೆಂದರೆ, ಆ ಹೆಬ್ಬೆಟ್ಟಿನ ಹೆಂಗಸು ಬಹಳ ವಿಧೇಯೆ. ಹೇಳಿದ ಹೊತ್ತಿಗೆ ಬರೀ ನೀರಿನಲ್ಲಿ ಮಾತ್ರೆ ನುಂಗಿ ತೆಪ್ಪಗೆ ಕೂರುತ್ತಾಳೆ. ತೊಂದರೆಯೆಲ್ಲ ಸಹಿ ಹಾಕುವವಳದ್ದೇ. ಆರೂ ಕಾಲಿಗೇ ಗಡಿಯಾರ ನೋಡುತ್ತಾ, ಕಾಫಿಗೆ ಒಂದು ಗಂಟೆ ಕಾಯಬೇಕೆನ್ನುವುದಕ್ಕೆ ಏನು ಪ್ರೂಫ್ ಇದೆ ಎಂದು ಇಂಗ್ಲಿಷಿನಲ್ಲಿ ವಾದಿಸುತ್ತಿರುತ್ತಾಳೆ.